ಮಕ್ಕಳನ್ನು ಬೆಟ್ಟದ ದಾರಿಗೆ ಕಳುಹಿಸೋಣ

(ಶಾಲೆಯೊಂದರ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಾಲೆಯಲ್ಲಿ ಚಾರಣ ಸಂಘವೊಂದನ್ನು ಆರಂಭಿಸುವ ಪ್ರಸ್ತಾಪವೊಂದು ನಿಮ್ಮ ಮುಂದಿದೆ. ತಿಂಗಳಿಗೊಮ್ಮೆ ಮಕ್ಕಳನ್ನು ಕಾಲ್ನಡಿಗೆಯಲ್ಲಿ ಗುಡ್ಡ, ಕೆರೆ, ಕಾಡಂಚುಗಳಿಗೆ ಕರೆದೊಯ್ಯಬೇಕೆಂಬುದು ಅದರ ಸಾರ. ಇಂಥ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಇದರಿಂದ ಮಕ್ಕಳಿಗೇನು ಲಾಭ? ಹೆಣ್ಣುಮಕ್ಕಳನ್ನು ಹೇಗೆ ಕಳುಹಿಸುವುದು? ಏನಾದರೂ ಆದರೆ ಯಾರು ಹೊಣೆ? ಈ ಮೂರೂ ನ್ಯಾಯವಾದ ಪ್ರಶ್ನೆಗಳೇ. ಇವುಗಳನ್ನು ಕೇಳುವ ತಂದೆ ತಾಯಿಯನ್ನು ಹಿಂದುಳಿದವರೆಂದು ಹೀಗಳೆಯುವುದು ಸರಿಯಲ್ಲ. ಆದರೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ಬಾಗಿಲು ಮುಚ್ಚುವುದೂ ಸರಿಯಲ್ಲ. ಆದ್ದರಿಂದ ಇಂದು ಈ ಮೂರಕ್ಕೂ ಉತ್ತರ ಹುಡುಕುವ ಪ್ರಯತ್ನ ಮಾಡೋಣ.

ಅದಕ್ಕೆ ಮೊದಲು ನಮ್ಮ ಪೇಟೆಯ ಮಗುವಿನ ಒಂದು ದಿನವನ್ನು ಗಮನಿಸಿ. ಬೆಳಗಾದರೆ ಮದ್ರಸ, ಅಲ್ಲಿಂದ ಶಾಲೆಯ ವಾಹನ, ಸಂಜೆ ಟ್ಯೂಷನ್, ರಾತ್ರಿ ಹೋಂವರ್ಕ್, ನಡುವೆ ಸಿಕ್ಕ ಅಷ್ಟಿಷ್ಟು ಬಿಡುವು ಮೊಬೈಲಿಗೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯುವ ಈ ಓಡಾಟದಲ್ಲಿ ಮಗುವಿನ ಕಾಲು ಮಣ್ಣನ್ನು ತುಳಿಯುವುದು ಯಾವಾಗ? ಹಿಂದೆ ಖಾಲಿ ಗದ್ದೆಗಳಿದ್ದವು, ಗುಡ್ಡೆಗಳಿದ್ದವು, ಕೆರೆಯ ದಂಡೆಯಿತ್ತು. ಅಲ್ಲಿಗೆ ಹೋಗಲು ಸಂಘವೂ ಬೇಡ, ಅನುಮತಿ ಪತ್ರವೂ ಬೇಡ. ಇಂದು ಗದ್ದೆ ಲೇಔಟ್ ಆಗಿದೆ, ಗುಡ್ಡೆಯನ್ನು ಜೆಸಿಬಿ ಕೊರೆದಿದೆ, ಕೆರೆಗೆ ಬೇಲಿ ಬಿದ್ದಿದೆ. ಹಿಂದೆ ಬದುಕೇ ಕೊಡುತ್ತಿದ್ದುದನ್ನು ಇಂದು ಶಾಲೆ ಯೋಜನೆ ಹಾಕಿ ಕೊಡಬೇಕಾಗಿ ಬಂದಿದೆ. ಚಾರಣ ಸಂಘದ ಅಗತ್ಯ ಹುಟ್ಟಿರುವುದೇ ಈ ಬದಲಾವಣೆಯಿಂದ.

ಈ ಅಗತ್ಯವನ್ನು ನಮಗಿಂತ ನೂರು ವರ್ಷ ಮೊದಲೇ ಕಂಡುಕೊಂಡ ಒಬ್ಬ ಶಾಲಾ ಮಾಸ್ತರರ ಕಥೆಯನ್ನು ಹೇಳಬೇಕು. ಜರ್ಮನಿಯ ಆಲ್ಟೇನಾ ಕಾರ್ಖಾನೆಗಳ ಊರು. ಅಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಿಕ್ಷಕರಿದ್ದರು. ಹೊಗೆ ಮತ್ತು ಇಕ್ಕಟ್ಟಿನ ಮನೆಗಳ ನಡುವೆ ಬೆಳೆಯುತ್ತಿದ್ದ ಮಕ್ಕಳನ್ನು ಅವರು ತರಗತಿಯಿಂದ ಹೊರಗೆ, ಕಾಡಿನ ದಾರಿಗೆ ಕರೆದೊಯ್ಯುತ್ತಿದ್ದರು. 1909ರ ಆಗಸ್ಟ್‌ನಲ್ಲಿ ತಮ್ಮ ವಿದ್ಯಾರ್ಥಿಗಳ ಜೊತೆ ಹಲವು ದಿನಗಳ ನಡಿಗೆಯಲ್ಲಿದ್ದಾಗ ಬಿರುಗಾಳಿ ಮಳೆ ಹಿಡಿಯಿತು. ಕೊನೆಗೆ ಹಳ್ಳಿಯ ಶಾಲೆಯೊಂದರಲ್ಲಿ ಆಶ್ರಯ ಸಿಕ್ಕಿತು. ಹುಡುಗರು ಹುಲ್ಲಿನ ಮೇಲೆ ಮಲಗಿ ನಿದ್ರಿಸಿದರು, ಮಾಸ್ತರರಿಗೆ ನಿದ್ದೆ ಬರಲಿಲ್ಲ. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳೇ ನಡೆಯುವ ಮಕ್ಕಳ ತಂಗುದಾಣಗಳೇಕಾಗಬಾರದು ಎಂಬ ಯೋಚನೆ ಆ ರಾತ್ರಿ ಅವರಲ್ಲಿ ಮೂಡಿತು. 1912ರಲ್ಲಿ ಆಲ್ಟೇನಾದ ಹಳೆಯ ಕೋಟೆಯಲ್ಲಿ ಯುವ ವಸತಿ ನಿಲಯ ತೆರೆಯಿತು. ಇಂದು ‘ಯೂತ್ ಹಾಸ್ಟೆಲ್’ ಎಂಬ ಹೆಸರಿನಲ್ಲಿ ಜಗತ್ತಿನೆಲ್ಲೆಡೆ ಹರಡಿರುವ ಚಳವಳಿಯ ಬೇರು ಒಬ್ಬ ಶಿಕ್ಷಕರ ಆ ನಿದ್ದೆಯಿಲ್ಲದ ರಾತ್ರಿಯಲ್ಲಿದೆ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಶಿರ್ಮನ್ ಸೈನಿಕರಾಗಿದ್ದರು. 1915ರ ಕ್ರಿಸ್ಮಸ್ ಸಮಯದಲ್ಲಿ, ಫ್ರಾನ್ಸಿನ ಬೆಟ್ಟ ಪ್ರದೇಶವೊಂದರಲ್ಲಿ, ಎದುರುಬದುರಾಗಿ ಗುಂಡು ಹಾರಿಸುತ್ತಿದ್ದ ಜರ್ಮನ್ ಮತ್ತು ಫ್ರೆಂಚ್ ಸೈನಿಕರು ತಾವಾಗಿಯೇ ಬಂದೂಕು ಕೆಳಗಿಟ್ಟು ಪರಸ್ಪರ ತಿಂಡಿ ತಿನಿಸು ಹಂಚಿಕೊಂಡುದನ್ನು ಅವರು ಕಣ್ಣಾರೆ ಕಂಡರು. ಬೇರೆ ಬೇರೆ ದೇಶಗಳ ಮಕ್ಕಳು ಒಬ್ಬರನ್ನೊಬ್ಬರು ಮೊದಲೇ ಅರಿತಿದ್ದರೆ ಈ ಕೊಲೆಗಡುಕತನಕ್ಕೆ ಅವಕಾಶವಿರುತ್ತಿತ್ತೇ ಎಂಬ ಚಿಂತೆ ಅವರನ್ನು ಬಿಡಲಿಲ್ಲ. 1932ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಯುವ ವಸತಿಗಳ ಅಂತಾರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಮರುವರ್ಷವೇ ಹಿಟ್ಲರ್ ಅಧಿಕಾರಕ್ಕೆ ಬಂದ. ಜರ್ಮನಿಯ ಯುವ ವಸತಿಗಳು ನಾಝಿಗಳ ಕೈ ಸೇರಿದವು. 1936ರಲ್ಲಿ ಶಿರ್ಮನ್ ಅಂತಾರಾಷ್ಟ್ರೀಯ ಅಧ್ಯಕ್ಷ ಸ್ಥಾನವನ್ನೂ ಬಿಡಬೇಕಾಯಿತು.

ಈ ಇತಿಹಾಸವನ್ನು ನಾನು ಉದ್ದೇಶಪೂರ್ವಕವಾಗಿಯೇ ಹೇಳಿದೆ. ಬೆಟ್ಟ ಹತ್ತಿದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ. ಅದೇ ದಾರಿಯಲ್ಲಿ ಹಿಟ್ಲರನ ಯುವದಳವೂ ಹಾಡಿಕೊಂಡು ನಡೆಯಿತು. ಯಾರ ಜೊತೆ ನಡೆಯುತ್ತೇವೆ, ಯಾವ ಮನೋಭಾವದಿಂದ ನಡೆಯುತ್ತೇವೆ ಎಂಬುದೇ ಮುಖ್ಯ. ಬೇರೆ ಬೇರೆ ಧರ್ಮದ ವಿದ್ಯಾರ್ಥಿಗಳು ಒಟ್ಟಿಗೆ ಪ್ರವಾಸ ಹೋದರೆಂಬ ಕಾರಣಕ್ಕೆ ಅವರನ್ನು ದಾರಿಯಲ್ಲಿ ತಡೆದ ವರದಿಗಳನ್ನು ನಮ್ಮ ಕರಾವಳಿಯಲ್ಲಿ ನಾವು ಎಷ್ಟು ಸಲ ಓದಿಲ್ಲ? ಅಂಥ ಕಾಲದಲ್ಲಿ ಇಬ್ರಾಹೀಮ, ಗಣೇಶ, ಜೋಸೆಫ ಒಂದೇ ಬಾಟಲಿಯ ನೀರು ಕುಡಿದು ಒಂದೇ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚುವುದು ಸಣ್ಣ ಶಿಕ್ಷಣವಲ್ಲ. ಸೌಹಾರ್ದದ ಬಗ್ಗೆ ವರ್ಷಕ್ಕೊಮ್ಮೆ ಭಾಷಣ ಸ್ಪರ್ಧೆ ಏರ್ಪಡಿಸುವುದಕ್ಕಿಂತ ಅದು ಹೆಚ್ಚು ಪರಿಣಾಮಕಾರಿ.

ಇನ್ನು ಮೊದಲ ಪ್ರಶ್ನೆ: ಲಾಭವೇನು?

ಮೊದಲು ಕಣ್ಣಿನಿಂದಲೇ ಆರಂಭಿಸೋಣ. ಇಂದು ಯಾವುದೇ ತರಗತಿಗೆ ಹೋದರೂ ಕನ್ನಡಕ ಹಾಕಿದ ಮಕ್ಕಳು ಕಾಣಸಿಗುತ್ತಾರೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳ ಒಂದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ಪ್ರತಿ ಶಾಲಾದಿನ ಹೆಚ್ಚುವರಿ 40 ನಿಮಿಷ ಬಯಲಿನಲ್ಲಿ ಕಳೆಯುವಂತೆ ಮಾಡಲಾಯಿತು. ಮೂರು ವರ್ಷಗಳ ಬಳಿಕ ನೋಡಿದಾಗ, ಎಂದಿನಂತೆ ಒಳಗೇ ಇದ್ದ ಮಕ್ಕಳಲ್ಲಿ ಶೇ. 39.5ರಷ್ಟು ಮಂದಿಗೆ ಸಮೀಪದೃಷ್ಟಿ ದೋಷ ಬಂದಿತ್ತು. ಹೊರಗೆ ಹೋದ ಮಕ್ಕಳಲ್ಲಿ ಅದು ಶೇ. 30.4. ಔಷಧವಿಲ್ಲ, ಯಂತ್ರವಿಲ್ಲ, ಬರೀ ಹಗಲ ಬೆಳಕು. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿಸಿಯಾಗುವಂತೆ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಿಂಗಳಿಗೊಂದು ಚಾರಣದಿಂದ ಈ ಲೆಕ್ಕ ತುಂಬುವುದಿಲ್ಲ, ನಿಜ. ಆದರೆ ಮುಂದಿನ ತಿಂಗಳು ಗುಡ್ಡ ಹತ್ತಲಿದೆಯೆಂದು ಗೊತ್ತಿರುವ ಮಗು ಈ ವಾರ ಅಂಗಡಿಗೆ ನಡೆದೇ ಹೋಗುತ್ತದೆ. ಅಭ್ಯಾಸ ಬೆಳೆಯುವುದು ಹಾಗೆ.

ಎರಡನೆಯದು, ಗಮನಿಸುವ ಶಕ್ತಿ. ಸಲೀಂ ಅಲಿಯವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 1896ರಲ್ಲಿ ಮುಂಬಯಿಯ ಮುಸ್ಲಿಮ್ ಕುಟುಂಬವೊಂದರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗ. ಆಟಿಕೆಯಂಥ ಗಾಳಿ ಬಂದೂಕಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದು ಕೆಡವಿದ. ಅದರ ಕೊರಳಲ್ಲಿ ಹಳದಿ ಬಣ್ಣದ ಗುರುತಿತ್ತು. ಇದು ಯಾವ ಗುಬ್ಬಚ್ಚಿ ಎಂದು ಮಾವನನ್ನು ಕೇಳಿದ. ‘ಹೋಗಿ ಓದು’ ಎಂದು ಆ ಮಾವ ಗದರಬಹುದಿತ್ತು. ಹಾಗೆ ಮಾಡದೆ ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿಯ ಕಾರ್ಯದರ್ಶಿ ಮಿಲ್ಲರ್ಡ್ ಅವನಿಗೆ ಹಕ್ಕಿಗಳ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು. ಆ ಹುಡುಗನೇ ಮುಂದೆ ಭಾರತದ ಹಕ್ಕಿಗಳ ಬಗ್ಗೆ ಜಗತ್ತಿಗೇ ಅಧಿಕೃತವಾಗಿ ಹೇಳಬಲ್ಲ ವಿದ್ವಾಂಸರಾದರು. 1976ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು.

ನಮ್ಮ ನಾಡಿಗೂ ಅವರಿಗೂ ನೇರ ಸಂಬಂಧವಿದೆ. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಆ ಜಾಗವನ್ನು ರಕ್ಷಿಸುವಂತೆ ಸಂಸ್ಥಾನಕ್ಕೆ ಸಲಹೆ ಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದುದು ಹೀಗೆ. ನಾವು ರಜೆಯಲ್ಲಿ ಮಕ್ಕಳನ್ನು ದೋಣಿಯಲ್ಲಿ ಕೂರಿಸಿ ಫೋಟೋ ತೆಗೆಯುವ ಆ ಜಾಗದ ಹಿಂದೆ, ‘ಇದು ಯಾವ ಹಕ್ಕಿ?’ ಎಂಬ ಒಬ್ಬ ಬಾಲಕನ ಪ್ರಶ್ನೆಯಿದೆ. ಇಂದು ನಮ್ಮ ಮಕ್ಕಳಲ್ಲಿ ಅಂಥ ಪ್ರಶ್ನೆ ಹುಟ್ಟಲು ನಾವು ಅವಕಾಶವನ್ನಾದರೂ ಕೊಟ್ಟಿದ್ದೇವೆಯೇ? ವಿಜ್ಞಾನದ ಪುಸ್ತಕದಲ್ಲಿ ಪರಾಗಸ್ಪರ್ಶದ ಚಿತ್ರ ಬಿಡಿಸಿ ಹತ್ತಕ್ಕೆ ಹತ್ತು ಪಡೆದ ಮಗುವಿಗೆ, ಮನೆಯ ಹಿಂದಿನ ಕುಂಟಾಲ ಹಣ್ಣಿನ ಗಿಡ ಗೊತ್ತಿಲ್ಲ. ಕುಟ್ರುಹಕ್ಕಿಯ ಕೂಗು ದಿನವೂ ಕಿವಿಗೆ ಬೀಳುತ್ತದೆ, ಕೂಗುವವರು ಯಾರೆಂದು ತಿಳಿದಿಲ್ಲ.

ಮೂರನೆಯದು, ಸ್ವಭಾವ. ಚಾರಣದಲ್ಲಿ ಒಂದು ನಿಯಮವಿದೆ: ತಂಡದ ವೇಗವನ್ನು ನಿರ್ಧರಿಸುವುದು ಅತ್ಯಂತ ನಿಧಾನವಾಗಿ ನಡೆಯುವವನು. ತರಗತಿಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಮುಂದಿರುವವನಿಗೆ ಚಪ್ಪಾಳೆ, ಹಿಂದುಳಿದವನು ತನ್ನ ಪಾಡಿಗೆ ತಾನು. ಬೆಟ್ಟದಲ್ಲಿ ಮುಂದೆ ಹೋದವನು ನಿಂತು ಕಾಯಲೇಬೇಕು. ಕಾಯುವುದನ್ನು, ಇನ್ನೊಬ್ಬರ ಚೀಲ ಹೊರುವುದನ್ನು, ಕೊನೆಯ ಗುಟುಕು ನೀರನ್ನು ಹಂಚುವುದನ್ನು ಅಲ್ಲಿ ಯಾರೂ ಬೋರ್ಡಿನಲ್ಲಿ ಬರೆದು ಕಲಿಸುವುದಿಲ್ಲ. ಓದಿನಲ್ಲಿ ಕೊನೆಯ ಬೆಂಚಿನವನು ದಾರಿ ಗುರುತಿಸುವುದರಲ್ಲಿ ಮೊದಲಿಗನಾಗುವುದನ್ನು ಅನೇಕ ಶಿಕ್ಷಕರು ಕಂಡಿದ್ದಾರೆ. ಆ ಒಂದು ದಿನ ಅವನಿಗೆ ಸಿಗುವ ಗೌರವ ಅವನ ಶಾಲಾಜೀವನವನ್ನೇ ಬದಲಿಸಬಹುದು.

ನೋಡುವುದು ಮತ್ತು ಚಿಂತಿಸುವುದು ನಮ್ಮ ಧರ್ಮಕ್ಕೆ ಹೊರಗಿನ ಸಂಗತಿಯಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಲು ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡಿದೆ. ಒಂಟೆ, ಆಕಾಶ, ಪರ್ವತ, ಭೂಮಿ ಇವುಗಳ ಕಡೆಗೆ ಅದು ಓದುಗನ ಕಣ್ಣು ತಿರುಗಿಸುತ್ತದೆ. ಈ ವಚನಗಳನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ, ತಜ್ವೀದಿನಲ್ಲಿ ಒಂದಕ್ಷರ ತಪ್ಪಿದರೆ ತಿದ್ದುತ್ತೇವೆ. ಆದರೆ ಪರ್ವತವನ್ನು ತೋರಿಸುವುದಿಲ್ಲ! ನಾನು ಮದ್ರಸದಲ್ಲಿ ಕಲಿತವನು. ಆದ್ದರಿಂದ ಈ ಮಾತನ್ನು ಮದ್ರಸದ ಉಸ್ತಾದರಲ್ಲೂ ವಿನಯದಿಂದ ವಿನಂತಿಸುತ್ತೇನೆ. ಅಸರ್ ಮತ್ತು ಮಗ್ರಿಬ್ ನಡುವಿನ ಹೊತ್ತಿನಲ್ಲಿ ವಾರಕ್ಕೊಮ್ಮೆ ಮಕ್ಕಳನ್ನು ಊರ ಹೊರಗೆ ನಡೆಸಿಕೊಂಡು ಹೋಗಿ. ಚಾರಣದ ನಡುವೆ ಹೊತ್ತಾದರೆ ಬಂಡೆಯ ಮೇಲೆ ಸಾಲುಗಟ್ಟಿ ನಮಾಝ್ ನಿರ್ವಹಿಸಲು ಯಾವ ಅಡ್ಡಿಯಿದೆ?

ಇನ್ನು ಎರಡನೆಯ ಪ್ರಶ್ನೆ. ಶಾಲೆಯಿಂದ ಅನುಮತಿ ಪತ್ರ ಬರುತ್ತದೆ. ಮಗನ ಪತ್ರಕ್ಕೆ ತಂದೆ ಓದದೆಯೇ ಸಹಿ ಹಾಕುತ್ತಾರೆ. ಮಗಳ ಪತ್ರ ಟಿವಿಯ ಮೇಲೆ ನಾಲ್ಕು ದಿನ ಕೂತು, ಕೊನೆಗೆ ‘ನಿನಗೆ ಯಾಕಮ್ಮಾ ಅದೆಲ್ಲ’ ಎಂಬ ಮಾತಿನೊಂದಿಗೆ ಹಿಂತಿರುಗುತ್ತದೆ. ಪ್ರೀತಿಯಿಂದ ಆಡಿದ ಮಾತೇ ಇರಬಹುದು. ಆದರೆ ಆ ಮಾತಿನಲ್ಲಿ ಮಗಳು ಕಲಿಯುವ ಪಾಠವೇನು? ಬೆಟ್ಟ, ಬಯಲು, ಆಕಾಶ ಇವು ಅಣ್ಣನಿಗೆ ಸೇರಿದ್ದು, ತನಗಲ್ಲ ಎಂದೇ ಅಲ್ಲವೇ?

14ನೆಯ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದರು. ಅರ್ಧ ಜಗತ್ತನ್ನೇ ಸುತ್ತಿದ್ದ ಆ ಪ್ರವಾಸಿಯನ್ನು ಬೆರಗುಗೊಳಿಸಿದ್ದು ಯಾವುದು ಗೊತ್ತೇ? ಗಂಡುಮಕ್ಕಳಿಗಾಗಿ 23 ಶಾಲೆಗಳಿದ್ದ ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗಾಗಿಯೇ 13 ಶಾಲೆಗಳಿದ್ದುದು. ಅಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದು ಅವರು ದಾಖಲಿಸಿದ್ದಾರೆ. ಸುಮಾರು ಏಳು ನೂರು ವರ್ಷಗಳ ಹಿಂದೆ ಹೆಣ್ಣುಮಕ್ಕಳ ಕಲಿಕೆಯಲ್ಲಿ ಲೋಕಕ್ಕೇ ಮಾದರಿಯಾಗಿದ್ದ ಕರಾವಳಿ ಇದು. ನಾವು ಅವರಿಗಿಂತ ಹಿಂದೆ ಸರಿಯಬೇಕೇ?

ಇತ್ತೀಚಿನ ಉದಾಹರಣೆಯೂ ಇದೆ. 2014ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿದ ಮಾಲಾವತ್ ಪೂರ್ಣಾಳಿಗೆ ಆಗ ಹದಿನಾಲ್ಕು ವರ್ಷವೂ ತುಂಬಿರಲಿಲ್ಲ. ತೆಲಂಗಾಣದ ಬಡ ಆದಿವಾಸಿ ಕೂಲಿಕಾರರ ಮಗಳು. ಓದುತ್ತಿದ್ದುದು ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಯಲ್ಲಿ. ಭುವನಗಿರಿಯ ಬಂಡೆಯ ಮೇಲೆ ಅವಳ ತರಬೇತಿ ಶುರುವಾಯಿತು. ಪಾಕಿಸ್ತಾನದ ಗುಡ್ಡಗಾಡಿನ ಸಮೀನಾ ಬೇಗ್ 2013ರಲ್ಲಿ ಎವರೆಸ್ಟ್ ಏರಿದಾಗ ತಂಡದಲ್ಲಿ ಆಕೆಯ ಅಣ್ಣನೂ ಇದ್ದ. ನಮ್ಮ ಮಕ್ಕಳೆಲ್ಲ ಎವರೆಸ್ಟ್ ಹತ್ತಬೇಕೆಂದು ನಾನು ಹೇಳುತ್ತಿಲ್ಲ. ಶಾಲೆ ಕೈ ಹಿಡಿದರೆ, ಮನೆ ಬೆನ್ನಿಗೆ ನಿಂತರೆ ಹೆಣ್ಣುಮಗಳ ಕಾಲಿಗೆ ಎಷ್ಟು ಶಕ್ತಿಯಿದೆಯೆಂದು ತೋರಿಸಲು ಇವರ ಹೆಸರು ಹೇಳಿದೆ.

ನಿಮ್ಮ ಆತಂಕಕ್ಕೆ ಪರಿಹಾರಗಳಿವೆ. ಬಾಲಕಿಯರ ತಂಡಕ್ಕೆ ಶಿಕ್ಷಕಿಯರೇ ಮುಂದಾಳುಗಳಾಗಲಿ. ತಾಯಂದಿರಲ್ಲಿ ಇಬ್ಬರು ಪ್ರತಿ ಸಲ ಜೊತೆಗೆ ನಡೆಯಲಿ. ಅದರಿಂದ ತಾಯಂದಿರ ಆರೋಗ್ಯಕ್ಕೂ ಒಳಿತು. ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮರಳುವ ನಡಿಗೆಗಳಿಂದ ಆರಂಭವಾಗಲಿ. ತಲೆಯ ಮೇಲಿನ ಶಿರವಸ್ತ್ರ ನಡಿಗೆಗೆ ಅಡ್ಡಿಯಲ್ಲ. ಕಾಲಿಗೆ ಹಿಡಿತವಿರುವ ಶೂ ಇದೆಯೇ ಎಂದು ನೋಡಿದರೆ ಸಾಕು.

ಮೂರನೆಯ ಪ್ರಶ್ನೆ ಹೊಣೆಗಾರಿಕೆಯದ್ದು. ಇಲ್ಲಿ ಹಗುರವಾಗಿ ಮಾತಾಡುವ ಅಧಿಕಾರ ಯಾರಿಗೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಕಡಲಿನ ಪಾಲಾದರು. ಆ ನಾಲ್ಕು ಮನೆಗಳ ದುಃಖವನ್ನು ನೆನೆದರೆ ಮಾತು ಹೊರಡುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದು ಸೇರಿದ ಬಳಿಕ ಸರಕಾರ ಕೆಲವು ಕಾಲ ಚಾರಣಗಳನ್ನು ತಡೆಯಬೇಕಾಯಿತು. ಅಕ್ಟೋಬರ್‌ನಲ್ಲಿ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದು, ಒಂದು ದಾರಿಯಲ್ಲಿ ದಿನಕ್ಕೆ 300 ಜನರ ಮಿತಿಯನ್ನು ಹಾಕಿತು.

ಈ ಘಟನೆಗಳು ಮಕ್ಕಳನ್ನು ಮನೆಯೊಳಗೆ ಕೂರಿಸಬೇಕೆಂದು ಹೇಳುತ್ತವೆಯೇ? ಖಂಡಿತ ಇಲ್ಲ. ಸಿದ್ಧತೆಯಿಲ್ಲದೆ ಹೊರಡಬಾರದೆಂದು ಹೇಳುತ್ತವೆ. ವರ್ಷಕ್ಕೊಮ್ಮೆ ನೂರಾರು ಮಕ್ಕಳನ್ನು ಬಸ್ಸುಗಳಲ್ಲಿ ತುಂಬಿಕೊಂಡು, ಎರಡು ದಿನಗಳಲ್ಲಿ ಎಂಟು ಜಾಗ ತೋರಿಸುವ ಪ್ರವಾಸವೇ ಬೇರೆ, ವರ್ಷವಿಡೀ ಸಣ್ಣ ಗುಂಪಿನಲ್ಲಿ ನಡೆದು ಕಲಿಯುವ ಸಂಘವೇ ಬೇರೆ. ಸಂಘಕ್ಕೆ ಕೆಲವು ಕಟ್ಟುನಿಟ್ಟಿನ ನಿಯಮಗಳಿರಲಿ. ಹತ್ತು ಮಕ್ಕಳಿಗೆ ಒಬ್ಬ ಹಿರಿಯರು. ಶಿಕ್ಷಕರು ಮೊದಲೇ ಒಮ್ಮೆ ನಡೆದು ನೋಡದ ದಾರಿಯಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ. ತಂಡದ ಮುಂದೆ ಒಬ್ಬರು, ಹಿಂದೆ ಒಬ್ಬರು, ಪ್ರತಿ ವಿರಾಮದಲ್ಲೂ ತಲೆ ಎಣಿಕೆ. ಹೊಳೆ, ಜಲಪಾತ, ಕಡಲಿಗೆ ಇಳಿಯುವಂತಿಲ್ಲ. ಇದರಲ್ಲಿ ವಿನಾಯಿತಿಯೇ ಇಲ್ಲ. ಮಳೆಗಾಲದಲ್ಲಿ ಬಂಡೆ ಮತ್ತು ಘಟ್ಟದ ದಾರಿ ಬೇಡ. ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿರಬೇಕು. ಪ್ರಥಮ ಚಿಕಿತ್ಸೆ ಬಲ್ಲವರು ಜೊತೆಗಿರಬೇಕು. ಉಬ್ಬಸ, ಅಪಸ್ಮಾರ ಇರುವ ಮಕ್ಕಳ ವಿವರ ಶಿಕ್ಷಕರಿಗೆ ತಿಳಿದಿರಬೇಕು. ಇದನ್ನು ಮುಚ್ಚಿಡದಿರುವುದು ಪೋಷಕರ ಹೊಣೆ.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳಬಹುದು. ಪ್ರವಾಸದ ಶುಲ್ಕ ಕಟ್ಟಲಾಗದೆ ‘ನನಗೆ ಇಷ್ಟವಿಲ್ಲ’ ಎಂದು ಸುಳ್ಳು ಹೇಳಿ ಮನೆಯಲ್ಲಿ ಉಳಿಯುವ ಮಕ್ಕಳು ಎಲ್ಲ ಶಾಲೆಗಳಲ್ಲೂ ಇದ್ದಾರೆ. ಬೀಡಿ ಕಟ್ಟುವ ತಾಯಿಯ ಮಗುವೂ ಬರುವಂತಿದ್ದರೆ ಮಾತ್ರ ಅದು ಶಾಲೆಯ ಸಂಘ. ಆದ್ದರಿಂದ ಬಸ್ಸು ಬೇಡ. ಶಾಲೆಯ ಗೇಟಿನಿಂದಲೇ ನಡೆದು ತಲುಪಬಹುದಾದ ಕೆರೆ, ಗುಡ್ಡ, ತೋಟಗಳಿಂದ ತೊಡಗಿ. ಬುತ್ತಿ ಮನೆಯದ್ದು. ಕೈಯಲ್ಲೊಂದು ನೋಟ್‌ಬುಕ್: ಕಂಡ ಮರ, ಕೇಳಿದ ಕೂಗು, ದಾರಿಯ ನಕ್ಷೆ. ವರ್ಷದ ಕೊನೆಗೆ ಒಂದು ದೂರದ ಚಾರಣವಿರಲಿ. ಬೆಳ್ತಂಗಡಿಯ ಬಳಿಯ ಜಮಾಲಾಬಾದ್, ಅಂದರೆ ಗಡಾಯಿಕಲ್ಲಿನ ಕೋಟೆಯನ್ನು ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಆ ಬಂಡೆಯ ತುದಿಯಲ್ಲಿ ನಿಂತ ಮಗುವಿಗೆ ಇತಿಹಾಸದ ಪಾಠ ಬೇರೆಯೇ ಅರ್ಥ ಕೊಡುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ‘ಚೀಲರಹಿತ ದಿನ’ಗಳ ಬಗ್ಗೆ ಹೇಳಿದೆ. ಆ ನೀತಿಯ ಬೇರೆ ಅಂಶಗಳ ಬಗ್ಗೆ ನಮಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಒಳ್ಳೆಯ ಮಾತು ಎಲ್ಲಿದ್ದರೂ ಎತ್ತಿಕೊಳ್ಳೋಣ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’, ಸರಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ, ಸ್ಕೌಟ್ಸ್ ಮತ್ತು ಗೈಡ್ಸ್ ಇವೆಲ್ಲ ನಮ್ಮ ತೆರಿಗೆಯಿಂದ, ನಮ್ಮ ನಡುವಿನಿಂದ ಬಂದವುಗಳೇ. ಕೇಳದೆ ಯಾರೂ ಕೊಡುವುದಿಲ್ಲ.

ಸಹೋದರ ಸಹೋದರಿಯರೇ, ಇಂದು ಗುಡ್ಡಗಳನ್ನು ಅಗೆಯುವಾಗ, ಕೆರೆಗಳನ್ನು ಮುಚ್ಚುವಾಗ ಊರೇ ಮೌನವಾಗಿರುವುದೇಕೆ? ಅಲ್ಲಿ ನಡೆದಾಡಿದವರು ನಮ್ಮಲ್ಲಿ ಉಳಿದಿಲ್ಲ. ಕಂಡಿಲ್ಲದ ಕೆರೆಗಾಗಿ ಯಾರು ತಾನೇ ದನಿಯೆತ್ತುತ್ತಾರೆ? ಇಂದು ಆ ದಂಡೆಯಲ್ಲಿ ನಡೆದ ಮಗುವೇ ನಾಳೆ ಪುರಸಭೆಯ ಸಭೆಯಲ್ಲಿ ಎದ್ದು ನಿಂತು ‘ಇದು ನಮ್ಮ ಕೆರೆ’ ಎನ್ನಬಲ್ಲದು.

ಅನುಮತಿ ಪತ್ರಗಳು ಮುಂದಿನ ವಾರ ನಿಮ್ಮ ಮನೆಗೆ ಬರಲಿವೆ. ನಿಯಮಗಳನ್ನು ಓದಿ, ಸಂಶಯವಿದ್ದರೆ ಶಿಕ್ಷಕರನ್ನು ಕೇಳಿ, ತೃಪ್ತಿಯಾದ ಮೇಲೆ ಸಹಿ ಹಾಕಿ. ಮಗನದ್ದಕ್ಕೂ, ಮಗಳದ್ದಕ್ಕೂ. ಇಬ್ಬರಲ್ಲಿ ಯಾರ ಪತ್ರ ಮೊದಲು ಕೈಗೆ ಸಿಗುತ್ತದೋ ಅದಕ್ಕೆ ಮೊದಲು ಹಾಕಿ. ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ಅವರ ಕಣ್ಣು ತೆರೆಯಿಸಲಿ. ವಸ್ಸಲಾಮ್.